ಟ್ರೋನಾ ಪಿನಕಲ್ಸ್: ಅಪ್ಪ ಅಮ್ಮನ ಜೊತೆ ಒಂದು ರಾತ್ರಿ ಉಳಿಯಬಹುದಾ?

ಎಡದಂಡೆ (ಸ್ಯಾನ್ ಹೋಸೆ), ಫೆಬ್ರವರಿ 4

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಸಿಂಧನೂರಿನಿಂದ ಬಂದು ಎರಡು ತಿಂಗಳಾಯಿತು. ಗೋಲ್ಡನ್ ಗೇಟ್, ಸಮುದ್ರ, ದೇವಸ್ಥಾನ, ಮಾಲ್ ಎಲ್ಲ ಮುಗಿಯಿತು. ಅಪ್ಪನಿಗೆ 68. ಜೀವನಪೂರ್ತಿ ಗದ್ದೆ ಮಾಡಿದವರು. ಮೊನ್ನೆ ಊಟಕ್ಕೆ ಕೂತಾಗ, "ಕಟ್ಟಡ ನೋಡಿದ್ದು ಸಾಕಪ್ಪ. ಈ ದೇಶದಾಗ ಖಾಲಿ ನೆಲ ಎಲ್ಲಿ ಐತಿ, ಅದನ್ನ ತೋರಿಸು" ಅಂದರು. ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ಮೊಬೈಲಿನಲ್ಲಿ ಇಲ್ಲೇ ಕ್ಯಾಲಿಫೋರ್ನಿಯಾದ ಟ್ರೋನಾ ಪಿನಕಲ್ಸ್ ಫೋಟೋ ತೋರಿಸಿದೆ. ಬಟಾಬಯಲು ಮರುಭೂಮಿ, ಅದರ ಮಧ್ಯೆ ಹುತ್ತದ ಹಾಗೆ ಎದ್ದ ನೂರಾರು ಕಲ್ಲುಗಳು. ಅಪ್ಪ ತುಂಬ ಹೊತ್ತು ನೋಡಿದರು. ಮಾರ್ಚ್ ಮೊದಲ ವಾರ ಹೋಗೋಣ ಅಂತ ಇದ್ದೇವೆ. ನಾನು, ಹೆಂಡತಿ, ಅಪ್ಪ, ಅಮ್ಮ.

ನನ್ನ ಪ್ರಶ್ನೆಗಳು ಇವು. ಮಾಮೂಲಿ ಕಾರು ಅಲ್ಲಿಗೆ ಹೋಗುತ್ತದಾ? ಅಮ್ಮನಿಗೆ ಮಂಡಿ ನೋವು, ಶೌಚಾಲಯ ಇದೆಯಾ? ರಾತ್ರಿ ಟೆಂಟಿನಲ್ಲಿ ವಯಸ್ಸಾದವರು ಇರಬಹುದಾ? ನಾನು ಇದುವರೆಗೆ ಕ್ಯಾಂಪ್ ಮಾಡಿರುವುದು ನಲ್ಲಿ, ಬೆಂಚು ಇರುವ ಕಾಡಿನ ಜಾಗಗಳಲ್ಲಿ ಮಾತ್ರ. ಮರುಭೂಮಿ ಇದೇ ಮೊದಲು. ಮತ್ತೆ ಆ ಕಲ್ಲು ಹೇಗೆ ಬಂತು ಅಂತ ಅಪ್ಪ ಖಂಡಿತ ಕೇಳುತ್ತಾರೆ. ಬಲ್ಲವರು ಹೇಳಿ.

ಸಾಗರದಕ್ಕ (ಲಾಸ್ ಏಂಜಲಿಸ್ ಹತ್ತಿರ), ಫೆಬ್ರವರಿ 4

ಕರೆದುಕೊಂಡು ಹೋಗಿ. ನಾವು ಮಕ್ಕಳ ಜೊತೆ ನಾಲ್ಕು ಸಲ ಹೋಗಿದ್ದೇವೆ. ಒಂದು ಸಲ ಅತ್ತೆಯೂ ಬಂದಿದ್ದರು.

ಮೊದಲು ದಾರಿ. ರಿಜ್‌ಕ್ರೆಸ್ಟ್ ಊರಿನಿಂದ 178ನೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗಬೇಕು. ಒಟ್ಟು ಸುಮಾರು 20 ಮೈಲಿ. ಟಾರು ರಸ್ತೆ ಬಿಟ್ಟ ಮೇಲೆ ಕೊನೆಯ 5 ಮೈಲಿ ಮಣ್ಣಿನ ದಾರಿ. ನಡುವೆ ರೈಲು ಹಳಿ ದಾಟಬೇಕು. ಒಣಗಿರುವಾಗ ಮಾಮೂಲಿ ಕಾರು ಆರಾಮಾಗಿ ಹೋಗುತ್ತದೆ, ಆದರೆ ನಿಧಾನ. ಒಗೆಯುವ ಕಲ್ಲಿನ ಗೀರುಗಳ ಹಾಗೆ ರಸ್ತೆ ತುಂಬ ಅಡ್ಡಗೆರೆಗಳಿವೆ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಸೊಂಟದ ಹಿಂದೆ ದಿಂಬು ಕೊಡಿ. ಮಳೆ ಬಂದಿದ್ದರೆ ಮಾತ್ರ ಬೇಡವೇ ಬೇಡ. ಜೋರು ಮಳೆ ಆದ ಮೇಲೆ ಆ ದಾರಿಯನ್ನು ಮುಚ್ಚುವುದೂ ಉಂಟು. ಜಾಗ ನೋಡಿಕೊಳ್ಳುವುದು ಬಿಎಲ್‌ಎಂ ಅನ್ನುವ ಸರ್ಕಾರಿ ಭೂ ಇಲಾಖೆ. ರಿಜ್‌ಕ್ರೆಸ್ಟ್‌ನಲ್ಲಿ ಅವರ ಕಚೇರಿ ಇದೆ. ಹೊರಡುವ ದಿನ ಬೆಳಗ್ಗೆ ಫೋನ್ ಮಾಡಿ ಕೇಳಿಕೊಳ್ಳಿ.

ಶೌಚಾಲಯ ಒಂದೇ ಒಂದು ಇದೆ. ಗುಂಡಿಯದ್ದು, ನೀರು ಬರುವುದಿಲ್ಲ. ಆದರೆ ಮೇಲೆ ಕೂರುವ ಥರದ್ದು, ಕುಕ್ಕರುಗಾಲಲ್ಲಿ ಕೂರಬೇಕಾಗಿಲ್ಲ. ಅಮ್ಮನಿಗೆ ಕಷ್ಟ ಆಗುವುದಿಲ್ಲ. ಕಾಗದ, ಕೈಗೆ ಸ್ಯಾನಿಟೈಸರ್, ನೀರಿನ ಚೊಂಬು ಮನೆಯಿಂದಲೇ ತನ್ನಿ. ಟೆಂಟನ್ನು ಅಲ್ಲಿಂದ ನಡೆಯುವಷ್ಟು ದೂರದಲ್ಲೇ ಹಾಕಿ. ರಾತ್ರಿ ಎರಡು ಸಲ ಏಳುವವರಿಗೆ ಅದು ಮುಖ್ಯ ಅಲ್ವಾ.

ಉಳಿಯುವುದಕ್ಕೆ ದುಡ್ಡಿಲ್ಲ, ಬುಕಿಂಗ್ ಇಲ್ಲ. 14 ದಿನದವರೆಗೆ ಇರಬಹುದು. ಈಗಾಗಲೇ ಗಾಡಿ ಓಡಾಡಿ, ಟೆಂಟ್ ಹಾಕಿ ಗಟ್ಟಿಯಾದ ಜಾಗಗಳಿವೆ. ಅಲ್ಲೇ ಹಾಕಿ, ಹೊಸ ಜಾಗ ತುಳಿಯಬೇಡಿ. ಒಲೆ ಹಚ್ಚುವುದಿದ್ದರೆ, ಗ್ಯಾಸ್ ಒಲೆಯೇ ಆದರೂ, ಕ್ಯಾಲಿಫೋರ್ನಿಯಾದ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ನೀರು ಒಂದು ಹನಿಯೂ ಸಿಗುವುದಿಲ್ಲ. ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕ ಹಾಕಿ. ಆಮೇಲೆ ಒಂದು ದಿನದ್ದು ಜಾಸ್ತಿ ಸೇರಿಸಿ. ಪೆಟ್ರೋಲ್ ರಿಜ್‌ಕ್ರೆಸ್ಟ್‌ನಲ್ಲೇ ತುಂಬಿಸಿಕೊಳ್ಳಿ. ನೆರಳು ಅಂದರೆ ಆ ಕಲ್ಲುಗಳದ್ದೇ.

ವಯಸ್ಸಾದವರಿಗೆ ನೆಲದ ಹಾಸಿಗೆ ಬೇಡ. ಮಡಚುವ ಮಂಚ ತಗೊಳ್ಳಿ. ಮಾರ್ಚ್‌ನಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ಮಾತ್ರ ಚಳಿ ಕಡಿಯುತ್ತದೆ. ಕಿವಿಗೆ ಮಫ್ಲರ್, ಕಾಲುಚೀಲ, ಎರಡೆರಡು ಕಂಬಳಿ ಇರಲಿ.

ಬಸವನಗುಡಿ (ಸ್ಯಾನ್ ಡಿಯಾಗೋ), ಫೆಬ್ರವರಿ 5

ನಾನು ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಸ್ಯಾನ್ ಹೋಸೆಯಿಂದ ರಿಜ್‌ಕ್ರೆಸ್ಟ್‌ಗೇ ಸುಮಾರು 350 ಮೈಲಿ. ಆರು ಗಂಟೆಗೂ ಜಾಸ್ತಿ ಕಾರಿನಲ್ಲಿ ಕೂರಬೇಕು. ಮಂಡಿ ನೋವಿರುವ ತಾಯಿ, 68 ವರ್ಷದ ತಂದೆ, ಆಮೇಲೆ ಟೆಂಟು. ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋದರೆ ಒಳ್ಳೆಯ ರೂಮು ಸಿಗುತ್ತದೆ, ಖಾಲಿ ನೆಲ ಅಲ್ಲೂ ಬೇಕಾದಷ್ಟಿದೆ. ಟ್ರೋನಾದಲ್ಲಿ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ರಾತ್ರಿ ಎದೆನೋವು ಅಂದರೆ ಏನು ಮಾಡುತ್ತೀರಿ? ನನ್ನ ತಂದೆಗೆ ಒಮ್ಮೆ ಪ್ರವಾಸದಲ್ಲೇ ಸಕ್ಕರೆ ಕಡಿಮೆಯಾಗಿ ತಲೆ ಸುತ್ತಿ ಬಿದ್ದಿದ್ದರು. ಆ ಭಯ ನನಗೆ ಇನ್ನೂ ಹೋಗಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಸಾಗರದಕ್ಕ, ಫೆಬ್ರವರಿ 5

ನಿಮ್ಮ ಮಾತು ಸರಿ ಇದೆ ಸರ್. ಅದಕ್ಕೇ ಒಂದೇ ಏಟಿಗೆ ಹೋಗಬಾರದು. ಮೊದಲ ರಾತ್ರಿ ರಿಜ್‌ಕ್ರೆಸ್ಟ್‌ನಲ್ಲಿ ರೂಮು ಮಾಡಲಿ. ಅಲ್ಲಿ ಆಸ್ಪತ್ರೆ ಇದೆ, ಅಂಗಡಿ ಇದೆ. ಚೆನ್ನಾಗಿ ನಿದ್ದೆ ಮಾಡಿ ಮರುದಿನ ಮಧ್ಯಾಹ್ನ ಹೋಗಲಿ. ಕತ್ತಲಾದ ಮೇಲೆ ಹೋಗುವುದು ಬೇಡ, ಮಣ್ಣಿನ ದಾರಿ ಕವಲೊಡೆಯುತ್ತದೆ. ರಾತ್ರಿ ಯಾರಿಗಾದರೂ ಹಿತ ಅನ್ನಿಸದಿದ್ದರೆ ಟೆಂಟು ಅಲ್ಲೇ ಬಿಟ್ಟು ಗಾಡಿ ಹತ್ತಿ. ಒಂದು ಗಂಟೆಯೊಳಗೆ ಊರಿನಲ್ಲಿರುತ್ತೀರಿ. ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ. ಮಾತ್ರೆ ಡಬ್ಬಿ ಕೈಗೆ ಸಿಗುವ ಕಡೆ ಇರಲಿ.

ಕಲ್ಲುಮಣ್ಣು (ರೀನೋ), ಫೆಬ್ರವರಿ 5

ಕಲ್ಲಿನ ವಿಷಯಕ್ಕೆ ಬರೋಣ. ನಾನು ಓದಿದ್ದು ಭೂವಿಜ್ಞಾನ. ಇದು ನನ್ನ ಪ್ರೀತಿಯ ಜಾಗ, ಸ್ವಲ್ಪ ಉದ್ದ ಆದೀತು.

ಇವು ಗಾಳಿ ಕೊರೆದ ಕಲ್ಲುಗಳಲ್ಲ. ಜ್ವಾಲಾಮುಖಿಯೂ ಅಲ್ಲ. ನೀರಿನೊಳಗೆ ಬೆಳೆದವು. ನೀವು ಟೆಂಟ್ ಹಾಕುವುದು ಒಂದು ಕೆರೆಯ ತಳದಲ್ಲಿ. ಅದರ ಹೆಸರು ಸರ್ಲ್ಸ್ ಕೆರೆ.

ನಮ್ಮ ಕಡೆ ಕೆರೆಗಳ ಸಾಲು ನೋಡಿದ್ದೀರಲ್ವಾ? ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಇಲ್ಲೂ ಹಾಗೇ ನಡೆಯಿತು. ಹಿಮಯುಗದಲ್ಲಿ ಸಿಯೆರಾ ನೆವಾಡಾ ಬೆಟ್ಟಗಳ ನೀರು ಓವೆನ್ಸ್ ಕೆರೆ ತುಂಬಿತು. ಅಲ್ಲಿಂದ ಕೋಡಿ ಹರಿದು ಚೈನಾ ಕೆರೆ, ಆಮೇಲೆ ಸರ್ಲ್ಸ್. ಇದೂ ತುಂಬಿದಾಗ ಪ್ಯಾನಮಿಂಟ್ ಕಣಿವೆಗೆ, ಅಲ್ಲಿಂದ ಡೆತ್ ವ್ಯಾಲಿಗೆ. ತುಂಬಿದ ಕಾಲದಲ್ಲಿ ಸರ್ಲ್ಸ್ ಕೆರೆಯ ಆಳ ಸುಮಾರು 640 ಅಡಿ ಇತ್ತು. ನೀವು ನಿಲ್ಲುವ ಜಾಗದಲ್ಲಿ ಆಗ ತಲೆ ಮೇಲೆ ನೂರಾರು ಅಡಿ ನೀರು ನಿಂತಿತ್ತು ಅಂತ ಊಹಿಸಿಕೊಳ್ಳಿ.

ತುಂಬ ಕಾಲ ಈ ಸಾಲಿನ ಕೊನೆಯ ಕೆರೆ ಇದೇ ಆಗಿತ್ತು. ನೀರು ಬರುತ್ತಿತ್ತು, ಹೊರಗೆ ಹೋಗುವ ದಾರಿ ಇರಲಿಲ್ಲ. ಬಿಸಿಲಿಗೆ ಆವಿಯಾಗಿ ಉಪ್ಪು, ಸೋಡಾ ಉಳಿದವು. ಕೆರೆಯ ತಳದಲ್ಲಿ ನೆಲ ಸೀಳಿರುವ ಕಡೆ ಊಟೆಗಳಿದ್ದವು. ಆ ಊಟೆಯ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು. ಕೆರೆಯ ನೀರಿನಲ್ಲಿ ಕಾರ್ಬೊನೇಟ್ ಇತ್ತು. ಎರಡೂ ಸೇರಿದ ಕಡೆ ಸುಣ್ಣದ ಕಲ್ಲು ಕಟ್ಟುತ್ತಾ ಹೋಯಿತು. ಪಾಚಿಯೂ ಅದಕ್ಕೆ ಸಹಾಯ ಮಾಡಿತು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದು ನೋಡಿದ್ದೀರಲ್ಲ, ಅದೂ ಸುಣ್ಣವೇ. ಕೆರೆಯಲ್ಲಿ ಹೀಗೆ ಕಟ್ಟಿದ ಕಲ್ಲಿಗೆ ಟ್ಯೂಫಾ ಅನ್ನುತ್ತಾರೆ. ಊಟೆಗಳು ನೆಲದ ಬಿರುಕಿನ ಉದ್ದಕ್ಕೂ ಇದ್ದದ್ದರಿಂದ ಗೋಪುರಗಳೂ ಸಾಲಾಗಿ ನಿಂತಿವೆ. ಹೋದಾಗ ಆ ಸಾಲನ್ನು ಗಮನಿಸಿ.

ಒಟ್ಟು 500ಕ್ಕೂ ಹೆಚ್ಚು ಗೋಪುರಗಳು. ಅತಿ ಎತ್ತರದ್ದು ಸುಮಾರು 140 ಅಡಿ. ಮೂರು ಗುಂಪುಗಳಿವೆ. ಉತ್ತರದ ಗುಂಪು ಚಿಕ್ಕ ವಯಸ್ಸಿನದು, 11,000ದಿಂದ 25,000 ವರ್ಷ. ದಕ್ಷಿಣದ್ದು ಹಳೆಯದು, 32,000ದಿಂದ 1 ಲಕ್ಷ ವರ್ಷ. 1968ರಲ್ಲಿ ಇದನ್ನು ರಾಷ್ಟ್ರೀಯ ನೈಸರ್ಗಿಕ ಸ್ಮಾರಕ ಅಂತ ಗುರುತಿಸಿದರು.

ಟ್ಯೂಫಾ ನೀರಿನಲ್ಲೇ ನಿಂತಿರುವುದನ್ನು ನೋಡಬೇಕು ಅಂದರೆ ಉತ್ತರಕ್ಕೆ ಮೋನೋ ಕೆರೆಗೆ ಹೋಗಬೇಕು. ಅಲ್ಲಿ 1941ರಿಂದ ಲಾಸ್ ಏಂಜಲಿಸ್ ನಗರಕ್ಕೆ ಹೊಳೆಗಳ ನೀರು ತಿರುಗಿಸಿದರು. ಕೆರೆ ಇಳಿಯಿತು, ಗೋಪುರಗಳು ಹೊರಗೆ ಕಂಡವು. ಚೆಂದ ಕಾಣುತ್ತವೆ, ಆದರೆ ನನಗೆ ಅಲ್ಲಿ ನಿಂತಾಗ ಸಂಕಟ ಆಗುತ್ತದೆ. ಸರ್ಲ್ಸ್ ತಾನಾಗಿ ಬತ್ತಿದ್ದು. ಮೋನೋ ಮನುಷ್ಯರು ಇಳಿಸಿದ್ದು.

ಎಡದಂಡೆ, ಫೆಬ್ರವರಿ 6

ಎಲ್ಲರಿಗೂ ತುಂಬ ಧನ್ಯವಾದ. ಕೆರೆ ಕೋಡಿಯ ವಿಷಯ ಅಪ್ಪನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದರು. ಬಸವನಗುಡಿ ಸರ್, ನಿಮ್ಮ ಕಾಳಜಿ ಅರ್ಥವಾಯಿತು. ರಿಜ್‌ಕ್ರೆಸ್ಟ್‌ನಲ್ಲಿ ಎರಡು ರಾತ್ರಿಗೆ ರೂಮು ಹಿಡಿಯುತ್ತೇನೆ. ಟೆಂಟಿನಲ್ಲಿ ಆಗದಿದ್ದರೆ ವಾಪಸ್ ಬರಲು ಒಂದು ಹಾಸಿಗೆ ಇರುತ್ತದೆ.

ಒಂದು ಸಣ್ಣ ಪ್ರಶ್ನೆ. ಎರಡು ದಿನ ಮೊದಲು ತುಂತುರು ಬಿದ್ದು, ಆಮೇಲೆ ಬಿಸಿಲು ಬಂದರೆ ಹೋಗಬಹುದಾ?

ಗದಗಿನವ (ಫ್ರೆಸ್ನೋ), ಫೆಬ್ರವರಿ 6

ಇದಕ್ಕೆ ನಾನೇ ಉತ್ತರ ಹೇಳಬೇಕು, ಅನುಭವಿಸಿದ್ದೇನೆ.

ಹೋದ ವರ್ಷ ಜನವರಿಯಲ್ಲಿ ಸರಿಯಾಗಿ ಇದೇ ಲೆಕ್ಕ ಹಾಕಿ ಹೋದೆವು. ಮಳೆ ನಿಂತು ಎರಡು ದಿನ ಆಗಿತ್ತು. ಮೇಲೆ ಪೂರ್ತಿ ಒಣಗಿತ್ತು. ಬಿಳಿ ಹಪ್ಪಳದ ಹಾಗೆ ಬಿರುಕು ಬಿಟ್ಟ ನೆಲ. ಮುಖ್ಯ ದಾರಿಯಲ್ಲಿ ಏನೂ ತೊಂದರೆ ಆಗಲಿಲ್ಲ. ಫೋಟೋಗೆ ಚೆನ್ನಾಗಿರುತ್ತದೆ ಅಂತ ಮೂವತ್ತು ಅಡಿ ಪಕ್ಕಕ್ಕೆ ತಿರುಗಿಸಿದೆ. ಹಪ್ಪಳ ಮುರಿಯಿತು. ಕೆಳಗೆ ಬರೀ ಕೆಸರು. ಮುಂದಿನ ಎರಡೂ ಚಕ್ರ ಹೂತುಹೋದವು.

ನಾನು ಎರೆ ಹೊಲದಲ್ಲಿ ಬೆಳೆದವ. ಮಳೆಯಾದ ಮೇಲೆ ಎರೆ ಮಣ್ಣು ಚಪ್ಪಲಿಗೆ ಹೆಂಗ ಅಂಟುತ್ತದೆ ಅಂತ ಗೊತ್ತು. ಒಂದೊಂದು ಹೆಜ್ಜೆಗೂ ಕಾಲು ಒಂದು ಕೆಜಿ ಭಾರ ಆಗುತ್ತದೆ. ಇದು ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಮೇಲೆ ಗೊತ್ತೇ ಆಗುವುದಿಲ್ಲ. ಕಾರಿನ ಕಾಲೊರೆಸು ತೆಗೆದು ಚಕ್ರದ ಕೆಳಗೆ ಹಾಕಿದೆವು, ಕೈಯಿಂದ ಕೆಸರು ತೋಡಿದೆವು. ಆಗಲಿಲ್ಲ. ಸಿಗ್ನಲ್ ಹುಡುಕಿಕೊಂಡು ಒಂದು ಮೈಲಿಗೂ ಜಾಸ್ತಿ ನಡೆದೆ. ನಾಲ್ಕು ಗಂಟೆ ಆದ ಮೇಲೆ ಎಳೆಯುವ ಗಾಡಿ ಬಂತು. ಬಾಡಿಗೆ ಕಾರು ಅದು. ಒಪ್ಪಂದದಲ್ಲಿ ಮಣ್ಣಿನ ದಾರಿಗೆ ಒಯ್ಯಬಾರದು ಅಂತ ಇತ್ತು, ನಾನು ಓದಿರಲಿಲ್ಲ. ವಿಮೆ ಸಿಗಲಿಲ್ಲ, ಪೂರ್ತಿ ಕೈಯಿಂದ ಹೋಯಿತು.

ಅದಕ್ಕಿಂತ ಬೇಜಾರಾಗಿದ್ದು ಇನ್ನೊಂದು. ಗಾಡಿ ಎಳೆದು ತೆಗೆದ ಮೇಲೆ ಆ ನೆಲದಲ್ಲಿ ಎರಡು ಆಳದ ಗಾಯ ಉಳಿದವು. ಮರುಭೂಮಿಯಲ್ಲಿ ಅಂಥ ಗುರುತು ಬೇಗ ಮಾಸುವುದಿಲ್ಲ.

ಹೀಗಾಗಿ ನನ್ನ ಮಾತು ಇಷ್ಟೇ ರೀ. ಮಳೆ ಬಂದಿದ್ದರೆ ಕನಿಷ್ಠ ಒಂದು ವಾರ ಬಿಡಿ. ಹಾಕಿದ ದಾರಿ ಬಿಟ್ಟು ಒಂದು ಅಡಿಯೂ ಕದಲಬೇಡಿ. ಕೆರೆಯ ಬಿಳಿ ತಳಕ್ಕಂತೂ ಗಾಡಿ ಇಳಿಸಲೇಬೇಡಿ.

ಹಾಲುಹಾದಿ (ಪಾಮ್‌ಡೇಲ್), ಫೆಬ್ರವರಿ 7

ರಾತ್ರಿ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಆಕಾಶದ ಫೋಟೋ ತೆಗೆಯುವುದಕ್ಕೇ ಅಲ್ಲಿಗೆ ಹೋಗುತ್ತೇನೆ.

ಅಮಾವಾಸ್ಯೆ ಆಸುಪಾಸು ಹೋಗಿ. ಉತ್ತರಕ್ಕೆ ಟ್ರೋನಾ ಊರಿನ ಕಾರ್ಖಾನೆ ದೀಪ ಕಾಣುತ್ತದೆ, ಪಶ್ಚಿಮಕ್ಕೆ ರಿಜ್‌ಕ್ರೆಸ್ಟ್‌ನ ಬೆಳಕು ಸ್ವಲ್ಪ. ಉಳಿದ ಎಲ್ಲ ದಿಕ್ಕೂ ಕಪ್ಪು. ಮಾರ್ಚ್‌ನಲ್ಲಿ ಸಂಜೆ ಕತ್ತಲಾದ ಕೂಡಲೇ ಕೃತ್ತಿಕೆ, ರೋಹಿಣಿ, ಮೃಗಶಿರ ತಲೆ ಮೇಲಿಂದ ಪಶ್ಚಿಮದ ಕಡೆ ಸಾಲಾಗಿ ಇರುತ್ತವೆ. ಹಾಲುಹಾದಿಯ ದಟ್ಟ ಭಾಗ ನೋಡಬೇಕಾದರೆ ಬೆಳಗಿನ ಜಾವ ಏಳಬೇಕು. ಸೂರ್ಯ ಹುಟ್ಟುವ ಮೊದಲು ಆಗ್ನೇಯದಲ್ಲಿ ಏಳುತ್ತದೆ.

ದಯವಿಟ್ಟು ಕೆಂಪು ಬೆಳಕಿನ ಟಾರ್ಚ್ ಇಟ್ಟುಕೊಳ್ಳಿ. ಕಾರಿನ ಹೆಡ್‌ಲೈಟನ್ನು ಗೋಪುರಗಳ ಮೇಲೆ ಬಿಡಬೇಡಿ. ಪಕ್ಕದಲ್ಲಿ ಕತ್ತಲಿಗೆ ಕಣ್ಣು ಒಗ್ಗಿಸಿಕೊಂಡು ಕೂತವರಿಗೆ ಮತ್ತೆ ಅರ್ಧ ಗಂಟೆ ಬೇಕಾಗುತ್ತದೆ.

ಗಾಳಿಯ ಬಗ್ಗೆ ಎಚ್ಚರ. ವಸಂತದಲ್ಲಿ ಸಂಜೆ ಗಾಳಿ ಎದ್ದರೆ ಟೆಂಟಿನ ಜೊತೆ ಬರುವ ತೆಳು ಗೂಟಗಳು ಒಂದೂ ನಿಲ್ಲುವುದಿಲ್ಲ. ಉದ್ದನೆಯ ಕಬ್ಬಿಣದ ಗೂಟ, ಒಂದು ಸುತ್ತಿಗೆ ತನ್ನಿ. ಗಾಡಿಯನ್ನು ಗಾಳಿ ಬರುವ ಕಡೆ ಅಡ್ಡ ನಿಲ್ಲಿಸಿ, ಅದರ ಮರೆಯಲ್ಲಿ ಟೆಂಟ್ ಹಾಕಿ.

ಕಾವೇರಿ ತೀರ (ಇರ್ವೈನ್), ಫೆಬ್ರವರಿ 7

ನಾನು ವಿದ್ಯಾರ್ಥಿನಿ, ಮೂವರು ಗೆಳತಿಯರು ಹೋಗುವ ಯೋಚನೆ ಇದೆ. ಗೋಪುರದ ತುದಿಯಲ್ಲಿ ನಿಂತ ಫೋಟೋಗಳು ತುಂಬ ಕಾಣುತ್ತವೆ. ಹಂಪಿಯಲ್ಲಿ ಮಾತಂಗ ಬೆಟ್ಟ ಹತ್ತಿದ್ದೇನೆ, ಬಂಡೆ ಹತ್ತುವುದು ಅಭ್ಯಾಸ ಇದೆ. ಇಲ್ಲಿ ಹತ್ತಬಹುದಾ?

ಕಲ್ಲುಮಣ್ಣು, ಫೆಬ್ರವರಿ 7

ಬೇಡಮ್ಮಾ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ.

ಹಂಪಿಯದು ಗ್ರಾನೈಟ್. ಸುಮಾರು 250 ಕೋಟಿ ವರ್ಷದ್ದು, ನೆಲದಾಳದಲ್ಲಿ ಕರಗಿ ಗಟ್ಟಿಯಾದದ್ದು. ಇದು ಸುಣ್ಣದ ಹೊಪ್ಪಳೆ. ಒಳಗೆ ಜೇನುಗೂಡಿನ ಹಾಗೆ ತೂತುಗಳು. ಹೊರಗಿನಿಂದ ಗಟ್ಟಿ ಕಾಣುವ ಹಿಡಿ ಕೈಯಲ್ಲೇ ಕಿತ್ತು ಬರುತ್ತದೆ. ಅಂಚುಗಳು ಅಂಗೈ ಕೊಯ್ಯುತ್ತವೆ. ಬಿದ್ದರೆ ಆಂಬುಲೆನ್ಸ್ ಬರುವುದು ಎಷ್ಟು ಹೊತ್ತಿಗೋ.

ನಿಮ್ಮ ಕೈಕಾಲಿನ ಮಾತು ಒಂದು ಕಡೆ ಇರಲಿ. ಈ ಗೋಪುರ ಕಟ್ಟಿದ ನೀರು ಈಗ ಇಲ್ಲ. ಕೆರೆ ಬತ್ತಿ ಸಾವಿರಾರು ವರ್ಷ ಆಯಿತು. ಮುರಿದ ತುಂಡು ಮತ್ತೆ ಬೆಳೆಯುವುದಿಲ್ಲ. ನಾನು ಮೊದಲ ಸಲ ಹೋದಾಗ ನೋಡಿದ್ದ ಒಂದು ಅಂಚು ಹೋದ ವರ್ಷ ಇರಲಿಲ್ಲ, ಕೆಳಗೆ ಪುಡಿ ಬಿದ್ದಿತ್ತು, ಸುತ್ತ ಶೂ ಗುರುತು. ಅಲ್ಲಿ ಕೂತು ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ನೆನಪಿಗೆ ಅಂತ ಚೂರನ್ನೂ ಎತ್ತಿಕೊಂಡು ಬರಬೇಡಿ.

ಗೋಪುರಗಳ ಮಧ್ಯೆ ಅರ್ಧ ಮೈಲಿಯ ಕಾಲುದಾರಿ ಇದೆ. ಅದರಲ್ಲಿ ನಡೆದರೆ ಎಲ್ಲ ಹತ್ತಿರದಿಂದಲೇ ಕಾಣುತ್ತದೆ.

ಸಾಗರದಕ್ಕ, ಫೆಬ್ರವರಿ 8

ಕಾವೇರಿ ತೀರ, ಮೂವರು ಹುಡುಗಿಯರು ಹೋಗುವುದಾದರೆ ಶನಿವಾರ ಹೋಗಿ. ವಾರದ ಕೊನೆಗೆ ಬೇರೆ ಕುಟುಂಬಗಳೂ ಇರುತ್ತವೆ. ನೀವು ಎಲ್ಲಿದ್ದೀರಿ, ಯಾವಾಗ ವಾಪಸ್ ಅಂತ ಮನೆಯಲ್ಲಿ ಒಬ್ಬರಿಗೆ ಬರೆದು ಕೊಡಿ. ಬೇಸಿಗೆ ರಜೆಯಲ್ಲಿ ಮಾತ್ರ ಹೋಗಬೇಡಿ. ಬಿಸಿಲು 40 ಡಿಗ್ರಿ ದಾಟುತ್ತದೆ, ಹಾವೂ ಓಡಾಡುವ ಕಾಲ. ಹಳೆ ಬೆಂಕಿ ಹಾಕಿದ ಜಾಗದಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ಮರದ ಪೆಟ್ಟಿಗೆ ಸುಟ್ಟು ಮೊಳೆಗಳನ್ನು ಹಾಗೇ ಬಿಟ್ಟು ಹೋಗಿರುತ್ತಾರೆ. ನಾವು ಪ್ರತಿ ಸಲ ಒಂದು ಡಬ್ಬಿ ತುಂಬ ಆರಿಸಿಕೊಂಡು ಬರುತ್ತೇವೆ. ಮಕ್ಕಳಿಗೆ ಅಯಸ್ಕಾಂತ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ.

ಕುಲುಮೆ ಮನೆ (ಮೈಸೂರು), ಫೆಬ್ರವರಿ 9

ನಾನು ಅಮೆರಿಕಕ್ಕೆ ಬಂದವನಲ್ಲ. ಆದರೆ ಸರ್ಲ್ಸ್ ಹೆಸರು ನೋಡಿ ಬರೆಯಬೇಕು ಅನ್ನಿಸಿತು. ನಮ್ಮದು ಅಕ್ಕಸಾಲಿಗರ ಮನೆ. ಚಿನ್ನಕ್ಕೆ ಬೆಸುಗೆ ಹಾಕುವ ಮೊದಲು ಬಿಳಿಗಾರ ಹಚ್ಚುತ್ತೇವೆ. ಅದು ಕರಗಿ ಲೋಹದ ಮೇಲೆ ಹರಡಿದರೆ ಮಾತ್ರ ಬೆಸುಗೆ ಸರಾಗವಾಗಿ ಓಡುತ್ತದೆ. ಈ ಬಿಳಿಗಾರ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಾ ಹೋದಾಗ ನನಗೆ ಈ ಕಣಿವೆ ಸಿಕ್ಕಿತು. ಜಾನ್ ಸರ್ಲ್ಸ್ ಅನ್ನುವವರು ಆ ಒಣಗಿದ ಕೆರೆಯಲ್ಲಿ ಬಿಳಿಗಾರ ಕಂಡು, 1873ರಲ್ಲಿ ಕಂಪನಿ ಶುರು ಮಾಡಿದರು. ಹೇಸರಗತ್ತೆ ಕಟ್ಟಿದ ಬಂಡಿಗಳಲ್ಲಿ ಮರುಭೂಮಿ ದಾಟಿಸುತ್ತಿದ್ದರು. ಟ್ರೋನಾ ಅನ್ನುವುದೂ ಅಲ್ಲಿ ಸಿಗುವ ಒಂದು ಸೋಡಾ ಖನಿಜದ ಹೆಸರೇ. ಯಾರಾದರೂ ಹೋದರೆ ಆ ಊರಿನ ಬಗ್ಗೆಯೂ ಬರೆಯಿರಿ.

ಹಾಲುಹಾದಿ, ಫೆಬ್ರವರಿ 9

ಕಾರ್ಖಾನೆ ಈಗಲೂ ನಡೆಯುತ್ತಿದೆ ಸರ್. ಕೆರೆಯಡಿಯ ಉಪ್ಪುನೀರು ಎತ್ತಿ ಸೋಡಾ, ಬಿಳಿಗಾರ ತೆಗೆಯುತ್ತಾರೆ. ಊರು ಸೊರಗಿದೆ, ಎಷ್ಟೋ ಮನೆ ಖಾಲಿ. 2019ರ ಜುಲೈ 4ಕ್ಕೆ 6.4, ಮರುದಿನವೇ 7.1ರ ಭೂಕಂಪ ಆಯಿತು. ಮನೆಗಳು ಬಿರುಕುಬಿಟ್ಟವು, ಬಿರುಬೇಸಿಗೆಯಲ್ಲಿ ಜನ ನಲ್ಲಿ ನೀರಿಲ್ಲದೆ ದಿನಗಟ್ಟಲೆ ಇದ್ದರು. ಉಪ್ಪು ನೆಲದಲ್ಲಿ ಹುಲ್ಲು ಬೆಳೆಯುವುದಿಲ್ಲ ಅಂತ ಅಲ್ಲಿನ ಶಾಲೆ ಮಕ್ಕಳು ಮಣ್ಣಿನ ಮೈದಾನದಲ್ಲೇ ಅಮೆರಿಕನ್ ಫುಟ್‌ಬಾಲ್ ಆಡುತ್ತಾರೆ. ಬರೀ ಗೋಪುರ ನೋಡಿ ತಿರುಗುವ ಬದಲು ಊರೊಳಗೆ ಹೋಗಿ ಏನಾದರೂ ಕೊಂಡು ಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಅಕ್ಟೋಬರ್‌ನಲ್ಲಿ ಅಲ್ಲಿನ ಹರಳು ಸಂಘದವರು ಕೆರೆಯಿಂದ ಗುಲಾಬಿ ಬಣ್ಣದ ಉಪ್ಪಿನ ಹರಳು ತೆಗೆಯಲು ಜನರನ್ನು ಕರೆದೊಯ್ಯುತ್ತಾರೆ. ಉಪ್ಪುನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳಿಂದ ಆ ಬಣ್ಣ.

ಎಡದಂಡೆ, ಮಾರ್ಚ್ 9

ಹೋಗಿ ಬಂದೆವು. ಎಲ್ಲರೂ ಆರೋಗ್ಯವಾಗಿದ್ದಾರೆ. ನಿಮಗೆಲ್ಲ ವಿವರವಾಗಿ ಬರೆಯುತ್ತೇನೆ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೇನೆ.

ಬೆಳಗ್ಗೆ ಕಚೇರಿಗೆ ಫೋನ್ ಮಾಡಿದೆ, ದಾರಿ ಒಣಗಿದೆ ಅಂದರು. ನಾಲ್ವರಿಗೆ 40 ಲೀಟರ್ ನೀರು, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಸಂಜೆಗೆ ಬಿಸಿ ಮಾಡಲು ಬದನೆಕಾಯಿ ಪಲ್ಯ. ಖಡಕ್ ರೊಟ್ಟಿಯಷ್ಟು ಒಳ್ಳೆಯ ಕ್ಯಾಂಪ್ ಊಟ ಇಲ್ಲ. ಕೆಡುವುದಿಲ್ಲ, ಪಾತ್ರೆ ತೊಳೆಯುವುದೂ ಕಡಿಮೆ.

ಮಧ್ಯಾಹ್ನ ಮೂರಕ್ಕೆ ಮುಟ್ಟಿದೆವು. ಅಪ್ಪ ಕಾರಿನಿಂದ ಇಳಿದವರು ಗೋಪುರ ನೋಡಲಿಲ್ಲ. ನೆಲ ನೋಡಿದರು. ಬಗ್ಗಿ ಒಂದು ಹಿಡಿ ಮಣ್ಣು ತಗೊಂಡು ಬೆರಳಲ್ಲಿ ಉಜ್ಜಿದರು. "ಇದು ಸವುಳು ಅಲ್ಲೇನು?" ಅಂದರು.

ನಮ್ಮ ಹೊಲದ ಕಥೆ ಹೇಳಬೇಕು. ಕಾಲುವೆ ಬಂದ ಮೇಲೆ ನಮ್ಮ ಕಡೆ ಎಲ್ಲರೂ ಭತ್ತ ಹಾಕಿದರು. ನೀರು ನಿಂತಿತು, ಬಸಿದು ಹೋಗಲು ದಾರಿ ಇರಲಿಲ್ಲ. ತಗ್ಗಿನ ಎರಡು ಎಕರೆಯಲ್ಲಿ ಉಪ್ಪು ಮೇಲೆದ್ದು ನೆಲ ಬೆಳ್ಳಗಾಯಿತು. ನಾನು ಐದನೇ ಕ್ಲಾಸಿನಲ್ಲಿದ್ದಾಗಿನಿಂದ ಅಲ್ಲಿ ಏನೂ ಬೆಳೆದಿಲ್ಲ. ಅಪ್ಪ ಆ ಮೂಲೆಯ ಬಗ್ಗೆ ಯಾವತ್ತೂ ಮಾತಾಡುತ್ತಿರಲಿಲ್ಲ. ಅವತ್ತು ಅಲ್ಲಿ ನಿಂತು ಮಾತಾಡಿದರು. "ನೀರು ಬರೂದಕ್ಕ ದಾರಿ ಇದ್ದು ಹೋಗೂದಕ್ಕ ಇಲ್ಲಂದ್ರ ಇಷ್ಟೇ. ಅಲ್ಲಿ ನಾವು ಮಾಡಿದ್ವಿ. ಇಲ್ಲಿ ಯಾರೂ ಮಾಡಿಲ್ಲ" ಅಂದರು. ಕಲ್ಲುಮಣ್ಣು ಸರ್ ಬರೆದದ್ದನ್ನು ನಾನು ವಿವರಿಸಬೇಕು ಅಂತ ತಯಾರಾಗಿ ಹೋಗಿದ್ದೆ. ಅವರಿಗೆ ಬೇಕಾಗಲಿಲ್ಲ.

ಆಮೇಲೆ ಗೋಪುರ ನೋಡಿದರು. ಸಾಲಾಗಿ ನಿಂತಿವೆ ಅನ್ನುವುದನ್ನು ಅವರೇ ಮೊದಲು ಗುರುತಿಸಿದ್ದು. "ನೆಲ ಸೀಳಿದ್ದು ಈ ಕಡೆಯಿಂದ ಆ ಕಡೆಗೆ" ಅಂತ ಕೋಲಿನಿಂದ ಗೆರೆ ತೋರಿಸಿದರು. ಸಂಜೆ ಬಿಸಿಲು ಬಿದ್ದಾಗ ಬೂದಿ ಬಣ್ಣದ ಕಲ್ಲೆಲ್ಲ ಕೆಂಪು ಜೋಳದ ಬಣ್ಣಕ್ಕೆ ತಿರುಗಿತು. ಅಮ್ಮ ಕುರ್ಚಿಯಲ್ಲಿ ಕೂತೇ ಎಲ್ಲ ನೋಡಿದರು. ನೆರಳು ಉದ್ದ ಆಗುತ್ತಾ ನಮ್ಮ ಕಾಲ ಹತ್ತಿರ ಬಂತು.

ಒಂಬತ್ತು ಗಂಟೆಗೆ ಗಾಳಿ ಎದ್ದಿತು. ಹಾಲುಹಾದಿ ಸರ್, ನೀವು ಹೇಳಿದ್ದು ಪೂರ್ತಿ ನಿಜ. ಕಬ್ಬಿಣದ ಗೂಟ ತಂದಿದ್ದೆ, ಅದರಲ್ಲೂ ಎರಡು ಕಿತ್ತು ಬಂದವು. ಹಗ್ಗವನ್ನು ಕಾರಿನ ಚಕ್ರಕ್ಕೆ ಕಟ್ಟಿದೆವು. ಅಮ್ಮ ಮತ್ತು ನನ್ನ ಹೆಂಡತಿ ಕಾರಿನಲ್ಲೇ ಸೀಟು ಒರಗಿಸಿ ಮಲಗಿದರು. ರೂಮಿಗೆ ಹೋಗೋಣವಾ ಅಂತ ಕೇಳಿದೆ. ಅಮ್ಮ ಬೇಡ ಅಂದರು.

ಹನ್ನೊಂದರ ಹೊತ್ತಿಗೆ ಗಾಳಿ ನಿಂತಿತು. ಅಪ್ಪ ಕಂಬಳಿ ಹೊದ್ದು ಹೊರಗೆ ಕೂತಿದ್ದರು. ನಾನು ಫೋನಿನಲ್ಲಿ ನಕ್ಷತ್ರದ ಆ್ಯಪ್ ತೆಗೆದೆ. ಅದನ್ನು ಆರಿಸು ಅಂದರು. ಪಶ್ಚಿಮದಲ್ಲಿ ಇಳಿಯುತ್ತಿದ್ದ ಸಣ್ಣ ಗೊಂಚಲನ್ನು ತೋರಿಸಿ "ಅದು ಕೃತ್ತಿಕಾ" ಅಂದರು. ಅದರ ಮೇಲಿನ ಕೆಂಪು ಚುಕ್ಕಿ ರೋಹಿಣಿ. ಆಮೇಲೆ ಮೃಗಶಿರ, ಆರಿದ್ರಾ. ಅವರಿಗೆ ಇವೆಲ್ಲ ಮಳೆಯ ಹೆಸರು. ಯಾವ ಮಳೆಗೆ ಏನು ಬಿತ್ತಬೇಕು ಅಂತ ಐವತ್ತು ವರ್ಷ ಲೆಕ್ಕ ಹಾಕಿದವರು. "ರೋಹಿಣಿ ಮಳಿ ಬಂದ್ರ ಓಣಿಯೆಲ್ಲ ಜೋಳ" ಅಂತ ಅಜ್ಜಿ ಹೇಳುತ್ತಿದ್ದ ಗಾದೆ ನೆನಪು ಮಾಡಿಕೊಂಡರು. ಊರಲ್ಲಿ ಈಗ ಬೀದಿದೀಪ ಬಂದ ಮೇಲೆ ಇಷ್ಟು ಸ್ಪಷ್ಟವಾಗಿ ನೋಡಿ ಇಪ್ಪತ್ತು ವರ್ಷವಾದರೂ ಆಗಿರಬೇಕು ಅಂದರು. ಒಂದು ಹನಿ ಮಳೆ ಬೀಳದ ಜಾಗದಲ್ಲಿ ಕೂತು ನಾವು ರಾತ್ರಿ ಒಂದರವರೆಗೆ ಮಳೆಯ ವಿಷಯವೇ ಮಾತಾಡಿದೆವು.

ಬೆಳಗ್ಗೆ ಅಮ್ಮ ಕೋಲು ಹಿಡಿದು ಆ ಅರ್ಧ ಮೈಲಿ ಕಾಲುದಾರಿಯಲ್ಲಿ ನಡೆದರು. ನಡುನಡುವೆ ಕೂತು, ಒಂದೂವರೆ ಗಂಟೆ ತಗೊಂಡರು. ಒಂದು ಗೋಪುರದ ಬುಡದಲ್ಲಿ ನಿಂತು ಅಂಗೈ ಇಡುವ ಮೊದಲು, "ಮುಟ್ಟಬಹುದೇನೋ?" ಅಂತ ನನ್ನನ್ನು ಕೇಳಿದರು. ಮೆಲ್ಲಗೆ ಮುಟ್ಟಮ್ಮಾ ಅಂದೆ.

ವಾಪಸ್ ಬರುವಾಗ ಟ್ರೋನಾ ಊರಿಗೂ ಹೋದೆವು. ಕುಲುಮೆ ಮನೆಯವರೇ, ಕಾರ್ಖಾನೆ ರಸ್ತೆಗೆ ಅಂಟಿಕೊಂಡೇ ಇದೆ. ಗಾಳಿಯಲ್ಲಿ ಗಂಧಕದಂಥ ವಾಸನೆ. ಬಿಳಿ ಪುಡಿಯ ದಿಬ್ಬಗಳು ರಸ್ತೆಯಿಂದಲೇ ಕಾಣುತ್ತವೆ. ನಿಮಗೆ ಫೋಟೋ ಕಳಿಸುತ್ತೇನೆ.

ಬಸವನಗುಡಿ, ಮಾರ್ಚ್ 9

ಎರಡು ಸಲ ಓದಿದೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ತಂದೆ ಮೇ ತಿಂಗಳಲ್ಲಿ ಬರುತ್ತಾರೆ. ಆಗ ಬಿಸಿಲು ಜಾಸ್ತಿ ಅಲ್ವಾ? ಅವರನ್ನು ನವೆಂಬರ್‌ವರೆಗೆ ಇರಿಸಿಕೊಂಡು ಆಮೇಲೆ ಕರೆದುಕೊಂಡು ಹೋಗುತ್ತೇನೆ. ಎರಡು ರಾತ್ರಿಗೂ ರೂಮು ಹಿಡಿಯುವ ಆ ಉಪಾಯ ನಾನೂ ಮಾಡುತ್ತೇನೆ.

ಕಾವೇರಿ ತೀರ, ಮಾರ್ಚ್ 10

ನಾವು 21ಕ್ಕೆ ಹೊರಡುತ್ತಿದ್ದೇವೆ ಅಣ್ಣಾ. ಗೂಟ ಎಷ್ಟು ಉದ್ದದ್ದು ತಗೊಳ್ಳಬೇಕು?

ಎಡದಂಡೆ, ಮಾರ್ಚ್ 10

ನನ್ನದು 12 ಇಂಚಿನದು. ಓರೆಯಾಗಿ ಹೊಡೆಯಿರಿ, ಪ್ರತಿ ಗೂಟದ ಮೇಲೆ ನೀರಿನ ಕ್ಯಾನ್ ಇಡಿ. ನಾನು ನೇರ ಹೊಡೆದಿದ್ದಕ್ಕೇ ಕಿತ್ತು ಬಂದವು.

ಒಂದು ಸಹಾಯ ಬೇಕು. ಮನೆಗೆ ಬಂದು ಎಣಿಸಿದಾಗ ಒಂದು ಗೂಟ ಕಡಿಮೆ ಇದೆ. ಗಾಳಿಯಲ್ಲಿ ಕಿತ್ತದ್ದು ಕತ್ತಲಲ್ಲಿ ಸಿಕ್ಕಿರಲಿಲ್ಲ, ಬೆಳಗ್ಗೆ ಹುಡುಕುವುದು ಮರೆತೆ. ಶೌಚಾಲಯಕ್ಕೆ ಬೆನ್ನು ಮಾಡಿ ನಿಂತರೆ ಎಡಕ್ಕೆ, ಇಬ್ಬಾಗವಾದ ಹಾಗೆ ಕಾಣುವ ಗೋಪುರದ ಎದುರಿನ ಗಟ್ಟಿ ಜಾಗ. ಯಾರದ್ದಾದರೂ ಟೈರಿಗೆ ಚುಚ್ಚೀತು ಅಂತ ನನಗೆ ಚಿಂತೆ ಆಗಿದೆ. ಹೋದವರು ದಯವಿಟ್ಟು ನೋಡಿ.

ಸಾಗರದಕ್ಕ, ಮಾರ್ಚ್ 15

ನಿನ್ನೆ ಹೋಗಿದ್ದೆವು. ಸಿಕ್ಕಿತು. ಚಿಕ್ಕವಳ ಅಯಸ್ಕಾಂತಕ್ಕೆ ಅಂಟಿಕೊಂಡು ಬಂತು, ಜೊತೆಗೆ ಹದಿನೇಳು ಮೊಳೆ.